ನೊಣದಕ್ಕ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ನೊಣದಕ್ಕ ಅಂತಲೇ ಕರೆಯುತ್ತಾರೆ. ಪ್ರಯೋಗಕ್ಕೆಂದು ಹಣ್ಣುನೊಣ ಸಾಕುವವರಲ್ಲಿ ಅವಳಷ್ಟು ಪುಕ್ಕಲಿ ಇನ್ನೊಬ್ಬಳಿಲ್ಲ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ "ಮೆಲ್ಲಗೆ ಕಣ್ರೋ, ನನ್ನ ಮಕ್ಕಳು ಬೆಚ್ಚಿಬೀಳ್ತಾವೆ" ಅನ್ನುತ್ತಾಳೆ, ಕರೆಂಟು ಹೋದರೆ ನೊಣದ ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಹೊಸಬರಿಗೆ ಅವಳ ಪಾಠ ಒಂದೇ: "ಸ್ನಾಯು ಗಟ್ಟಿಯಿದ್ರೆ ಸಾಲದು, ತನ್ನ ಜಾಗಕ್ಕೆ ಕಚ್ಕೊಂಡಿರ್ಬೇಕು. ಹಾಗೆ ಕಚ್ಚಿಸಿ ಹಿಡಿಯೋದು ಅಂಟು ಪ್ರೋಟೀನು. ಅದು ಕೈಕೊಟ್ರೆ ಎಳೆದಷ್ಟೂ ಸ್ನಾಯು ಕಿತ್ಕೊಂಡು ಬರುತ್ತೆ." ಹೀಗನ್ನುತ್ತ ಸೀಸೆಯನ್ನು ಮೇಜಿಗೆ ಕುಟ್ಟುತ್ತಾಳೆ, ತಳಕ್ಕೆ ಬಿದ್ದವುಗಳಲ್ಲಿ ಒಳ್ಳೆಯ ನೊಣಗಳು ಸರಸರ ಮೇಲೇರುತ್ತವೆ, ಪ್ರೋಟೀನು ಕೆಟ್ಟವು ಅರ್ಧಕ್ಕೇ ಜಾರುತ್ತವೆ. ಆಗ ಅವಳು ಉಸಿರು ಬಿಗಿಹಿಡಿಯುವುದನ್ನು ಕಂಡು ಜೊತೆಯವರು ನಗುತ್ತಾರೆ. ಅವಳ ತಮ್ಮ ವಂಶದಲ್ಲೇ ಹರಿದುಬರುವ, ಸ್ನಾಯು ಸೊರಗುವ ಕಾಯಿಲೆಯಿಂದ ಹಾಸಿಗೆ ಹಿಡಿದು ತೀರಿಕೊಂಡದ್ದು ಅವರಿಗೆ ಗೊತ್ತಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಅವಳು ಯಾವತ್ತೂ ಮಗಳ ಹಿಂದೆ. "ಯಾಕಮ್ಮಾ ಯಾವಾಗ್ಲೂ ಹಿಂದೇನೇ ಬರ್ತೀಯ?" ಅಂದರೆ, "ಮಂಡಿನೋವು ಪುಟ್ಟಿ, ನೀನು ನಡಿ" ಅನ್ನುತ್ತಾಳೆ. ನಿನ್ನೆ ಸಂಜೆ ಮಗಳು ನಡುಮೆಟ್ಟಿಲಲ್ಲಿ ನಿಂತು, ತೊಡೆಗೆ ಕೈಯೂರಿ, "ಕಾಲು ಸೋತುಹೋಯ್ತಮ್ಮಾ, ಎತ್ಕೋ" ಅಂದಳು. ನೊಣದಕ್ಕ ನಗುನಗುತ್ತಲೇ ಎತ್ತಿಕೊಂಡಳು. ಮನೆಯೊಳಗೆ ಬಂದ ಮೇಲೂ, "ಬಿಡಮ್ಮಾ, ಸಾಕು" ಅಂತ ಮಗಳು ಕೊಸರಿದರೂ, ಕೆಳಗಿಳಿಸುವ ಧೈರ್ಯವಾಗದೆ ಹಾಗೇ ನಿಂತಿದ್ದಳು.