ಸವಣೂರ ವಕೀಲರ ಪೆನ್ನು

ಬಂಕಾಪುರದಲ್ಲಿ ಕಟ್ಟಿಗೆಯ ಪೆನ್ನು ಮಾಡುವವನು ಒಬ್ಬನೇ, ನನ್ನ ಪಕ್ಕದ ಮನೆಯ ಕರಿಬಸಪ್ಪ. ಅಷ್ಟು ಮೊಂಡ ಮನುಷ್ಯನೂ ಅವನೊಬ್ಬನೇ. ಮೊದಲು ತೊಟ್ಟಿಲ ಕಾಲು, ಲಟ್ಟಣಿಗೆ, ಕಡಗೋಲು ಕಡೆಯುತ್ತಿದ್ದ. ಅವನ್ನು ಕೇಳುವವರು ಕಡಿಮೆಯಾದ ಮೇಲೆ ಪೆನ್ನಿಗೆ ಇಳಿದ. ಹುಣಸೆ, ಬೇವು, ಬಿದ್ದ ಮನೆಯ ಸಾಗುವಾನಿ ಚೌಕಟ್ಟು, ಏನು ಸಿಕ್ಕರೂ ಲೇತಿಗೆ ಹಾಕಿ ಬೆರಳಿನಷ್ಟು ಸಣ್ಣಗೆ ಕಡೆಯುತ್ತಿದ್ದ. ಕಡೆಯುವುದು ಅವನದು, ಒರೆಸಿ ಹೊಳಪು ತರುವುದು ಹೆಂಡತಿ ವೀರವ್ವನದು. ಲೇತು ತಿರುಗುವಾಗ ಮಾತು ಕೇಳಿಸುವುದಿಲ್ಲ. ಹೀಗಾಗಿ ಗಂಡ ಹೆಂಡತಿ ಇಪ್ಪತ್ತೆಂಟು ವರ್ಷ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು, ಬೇಕಾದಾಗ ಹೆಗಲು ತಟ್ಟಿ ಕೈಸನ್ನೆಯಲ್ಲೇ ಸಂಸಾರ ಮಾಡಿದರು.

ಎರಡು ವರ್ಷದ ಹಿಂದೆ ವೀರವ್ವ ಜ್ವರ ಬಂದು ತೀರಿಕೊಂಡಳು. ಮಕ್ಕಳಿಲ್ಲ. ಮೂರು ದಿನ ಸುಮ್ಮನಿದ್ದ ಲೇತು ನಾಲ್ಕನೆಯ ದಿನ ಮತ್ತೆ ತಿರುಗತೊಡಗಿತು. ಜನ ಏನೇನೋ ಆಡಿಕೊಂಡರು. ಆ ಮನೆಯಲ್ಲಿ ಆ ಸಪ್ಪಳವೂ ಇಲ್ಲದಿದ್ದರೆ ಅವನು ಹೇಗೆ ಇರಬೇಕಿತ್ತು ಎಂದು ಒಬ್ಬರೂ ಕೇಳಲಿಲ್ಲ.

ಆದರೆ ಆಮೇಲೆ ಮಾಡಿದ ಪೆನ್ನುಗಳು ಒಂದೊಂದಾಗಿ ತಿರುಗಿ ಬರತೊಡಗಿದವು. ಹಾನಗಲ್ಲಿನ ಪುಸ್ತಕದಂಗಡಿಯ ಪರಮೇಶ ಆರು ಪೆನ್ನು ತಂದು ಇವನ ಮುಂದೆ ಸುರಿದ.

"ಮಾವಾರ, ಬೆವರು ಹತ್ತಿದ್ರ ಬೆಳ್ಳಗ ಆಗಾಕತ್ತಾವು. ಗಟ್ಟಿ ಹೊಳಪು ಹಚ್ಚಿ ಕೊಡ್ರಿ. ಇಲ್ಲಾಂದ್ರ ನಾ ಅಂಗಡ್ಯಾಗ ಇಡೂದಿಲ್ಲ."

ಪರಮೇಶನ ತಪ್ಪಿಲ್ಲ. ವಿಭೂತಿ ಹಚ್ಚಿಕೊಂಡ ಕೈಯಲ್ಲೇ ಪೆನ್ನು ಹಿಡಿಯುವ ಊರುಗಳು ನಮ್ಮವು. ಬೂದಿ, ಬೆವರು ಎರಡೂ ಸೇರಿ ತಿಕ್ಕಿದರೆ ಯಾವ ಹೊಳಪು ನಿಂತೀತು? ಆದರೆ ಕರಿಬಸಪ್ಪನಿಗೆ ಆ ಅಂಗಡಿಯೊಂದೇ ಆಸರೆ. ಅದೂ ಬೇಡ ಎಂದರೆ ಲೇತು ನಿಲ್ಲುತ್ತದೆ. ಲೇತು ನಿಂತರೆ ಬೆಳಿಗ್ಗೆ ಏಳಲು ಅವನಿಗೆ ಬೇರೆ ಕಾರಣವಿಲ್ಲ.

ಪರೀಕ್ಷೆ ಶುರುವಾಯಿತು. ನಾಲ್ಕು ಪೆನ್ನು, ನಾಲ್ಕು ಬಗೆ. ಒಂದಕ್ಕೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಒಂದಕ್ಕೆ ವಾರ್ನಿಶ್, ಒಂದಕ್ಕೆ ಜೇನುಮೇಣ, ಒಂದಕ್ಕೆ ಕ್ಷಣದಲ್ಲಿ ಒಣಗುವ ಅಂಟು. ಬರೀ ನೋಡಿದರೆ ತಿಳಿಯುವುದಿಲ್ಲ, ಬರೆದೇ ನೋಡಬೇಕು. ಬರೆಯಲು ಅವನಿಗೆ ಏನಿದೆ? ಒಂದು ದಿನ ಅವನ ನೋಟ್‌ಬುಕ್ಕು ತೆರೆದು ನೋಡಿದೆ. ಪ್ರತಿ ಪೆನ್ನಿಗೂ ದಿನಕ್ಕೊಂದು ಪುಟ. ಪುಟದ ತುಂಬ ಒಂದೇ ಸಾಲು: "ಇವತ್ತ ಅನ್ನ, ಸಾರು. ಇವತ್ತ ಅನ್ನ, ಸಾರು."

ನಕ್ಕುಬಿಟ್ಟೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ಮೂರು ತಿಂಗಳಲ್ಲಿ ಅರಗು ಬಿಳಿಚಿತು, ಮೇಣ ಮಂಕಾಯಿತು, ವಾರ್ನಿಶ್ ನಿಬ್ಬಿನ ಹತ್ತಿರ ಪೊರೆ ಬಿಟ್ಟಿತು. ಅಂಟು ಮಾತ್ರ ಗಾಜಿನಂತೆ ನಿಂತಿತು. "ಮುಗೀತಲ್ಲ, ಅದನ್ನ ಹಚ್ಚು" ಎಂದೆ.

"ಹಿಡದು ನೋಡು. ಕಟ್ಟಿಗಿ ಕೈಗೆ ಹತ್ತೂದ ಇಲ್ಲ. ಪ್ಲಾಸ್ಟಿಕ್ ಹಿಡದಂಗ ಆಕ್ಕತಿ" ಎಂದು ಅದನ್ನು ಮೂಲೆಗೆ ಎಸೆದ. "ವೀರಿ ಏನೋ ಬೇರೆ ಹಚ್ಚತಿದ್ಲು. ನಾ ಹಿಂದ ತಿರುಗಿ ನೋಡಲೇ ಇಲ್ಲ. ಸವಣೂರ ವಕೀಲರ ಪೆನ್ನ ನೋಡು, ಏಳು ವರ್ಷ ಆದ್ರೂ ಹೊಳೀತೈತಿ ಅಂತ ನೀನ ಹೇಳಿದ್ದಿ."

ಹೇಳಿದ್ದು ನಿಜ. ನಾನು ಸವಣೂರ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ನೌಕರಿಯಲ್ಲಿದ್ದಾಗ ವಕೀಲ ಜಯತೀರ್ಥರ ಕಿಸೆಯಲ್ಲಿ ಆ ಪೆನ್ನು ಹೊಸದರಂತೆ ಹೊಳೆಯುವುದನ್ನು ಎಷ್ಟೋ ಸಲ ನೋಡಿ ಬಂದು ಹೇಳಿದ್ದೆ. ಅದನ್ನೇ ಹಿಡಿದುಕೊಂಡು ಇವನು ಗಿರಾಕಿಗಳಿಗೆಲ್ಲ, "ನನ್ನ ಪೆನ್ನಿಗೆ ಹತ್ತು ವರ್ಷ ಏನೂ ಆಗೂದಿಲ್ಲ" ಎಂದು ಮೀಸೆ ತಿರುವುತ್ತಿದ್ದ. ಈಗ ಆ ಪೆನ್ನನ್ನೇ ಕೈಯಲ್ಲಿ ಹಿಡಿದು, ಮೂಸಿ, ಉಗುರಿನಿಂದ ಕೆರೆದು ನೋಡಿದರೆ ಅವಳು ಹಚ್ಚಿದ್ದು ಏನೆಂದು ಸಿಕ್ಕೀತು ಎಂಬ ಆಸೆ ಅವನಿಗೆ. ಶ್ರಾವಣದ ಒಂದು ಬೆಳಿಗ್ಗೆ ಇಬ್ಬರೂ ಸವಣೂರಿಗೆ ಹೋದೆವು.

ಬಾಗಿಲು ತೆರೆದವರು ವಕೀಲರ ಹೆಂಡತಿ ಗೋಪಿಕಾಬಾಯಿ. ಬಂಕಾಪುರದ ಪೆನ್ನಿನವರು ಎಂದದ್ದೇ ತಡ, ಅವರ ಮುಖ ಅರಳಿತು. ನಮ್ಮ ಬೆನ್ನ ಹಿಂದೆ ಯಾರನ್ನೋ ಹುಡುಕಿದರು.

"ಬರ್ರಿ, ಬರ್ರಿ. ವೀರವ್ವಾರು ಎಲ್ಲಿ? ಎರಡು ಖಂಡೇನವಮಿ ಆದವು, ಬಂದೇ ಇಲ್ಲಲ್ಲರಿ. ನಮ್ಮ ಮ್ಯಾಲೆ ಏನರೆ ಸಿಟ್ಟೇನು?"

ಕರಿಬಸಪ್ಪ ಹೊಸ್ತಿಲ ಹೊರಗೇ ನಿಂತುಬಿಟ್ಟ. ನಾನೇ ಹೇಳಬೇಕಾಯಿತು. ಗೋಪಿಕಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕಂಬಕ್ಕೆ ಒರಗಿ ಕೂತರು.

ವಕೀಲರು ಒಳಗಿನಿಂದ ಪೆನ್ನು ತಂದು ಕೊಟ್ಟರು. ಅದೂ ಮಂಕಾಗಿತ್ತು. ಹಿಡಿಯುವ ಜಾಗದಲ್ಲಿ ಬೂದಿ ಬಣ್ಣ. ಪರಮೇಶ ತಂದು ಸುರಿದ ಪೆನ್ನುಗಳಿಗೂ ಇದಕ್ಕೂ ಏನೂ ಫರಕು ಇರಲಿಲ್ಲ.

"ಕೊಂಡ ವರ್ಷನ ಹೊಳಪು ಹೋಗಿತ್ರಿ" ಎಂದರು ವಕೀಲರು. "ನಿಮಗ ಹೇಳಿ ಕಳಸಿದ್ದೆ. ನಿಮ್ಮ ಬದಲಿ ನಿಮ್ಮ ಮನಿಯವರು ಬಂದ್ರು. 'ಅವರಿಗೆ ಹೇಳಬ್ಯಾಡ್ರಿ, ತಮ್ಮ ಕೆಲಸ ಕೆಟ್ಟತು ಅಂತ ಭಾಳ ಮನಸಿಗೆ ಹಚ್ಚಿಕೋತಾರ' ಅಂದ್ರು. ಅವತ್ತಿನಿಂದ ಪ್ರತಿ ವರ್ಷ ಖಂಡೇನವಮಿ ಹಿಂದಿನ ದಿನ ಬಂದು, ನಾವು ಪೂಜಾಕ್ಕ ಇಡೂ ಮೊದಲ ಒರಸಿ ಕೊಟ್ಟು ಹೋಗೂರು."

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಅವಳು ಸವಣೂರಿನ ಅಕ್ಕನ ಮನೆಗೆ ಹೋಗುತ್ತಾಳೆ ಎಂದು ಇವನು ತಿಳಿದಿದ್ದ, ನಾನೂ ತಿಳಿದಿದ್ದೆ. ಬರುವಾಗ ತಿನ್ನಲು ಒಂದು ಪೊಟ್ಟಣ ಸವಣೂರ ಖಾರಾ ತರುತ್ತಿದ್ದಳು. ಮುಂದೆ ಯಾರೂ ಕೇಳುತ್ತಿರಲಿಲ್ಲ.

"ಏನು ಹಚ್ಚತಿದ್ಲರಿ?" ಎಂದು ಕೇಳಿದ ಕರಿಬಸಪ್ಪ.

ಗೋಪಿಕಾಬಾಯಿ ದೇವರ ಮನೆಯ ಮಾಡದಿಂದ ಒಂದು ಸಣ್ಣ ತಗಡಿನ ಡಬ್ಬಿ ತಂದರು. ಪ್ರತಿ ವರ್ಷ ಬರುವುದು ಇದ್ದೇ ಇದೆಯಲ್ಲ ಎಂದು ವೀರವ್ವ ಅಲ್ಲೇ ಬಿಟ್ಟು ಹೋಗುತ್ತಿದ್ದಳಂತೆ. ಒಳಗೆ ಒಣಗಿದ ಅಗಸಿ ಎಣ್ಣೆಯ ವಾಸನೆ, ಅವಳ ಹಳೆಯ ಸೀರೆಯ ಒಂದು ತುಂಡು. ಕೂರಿಗೆಗೆ, ತೊಟ್ಟಿಲಿಗೆ ನಾವೆಲ್ಲ ವರ್ಷಕ್ಕೊಮ್ಮೆ ಒರೆಸುವ ಅದೇ ಎಣ್ಣೆ. ಬೇರೆ ಏನೂ ಇಲ್ಲ. ಎಣ್ಣೆ ಕುಡಿದ ಬಟ್ಟೆ ತೊಗಲಿನಂತೆ ಗಟ್ಟಿಯಾಗಿತ್ತು. ಅದರಲ್ಲಿ ಎರಡು ಬೆರಳು ಒತ್ತಿದ ಗುಳಿ ಹಾಗೇ ಉಳಿದಿತ್ತು.

ಕರಿಬಸಪ್ಪ ತನ್ನ ಬೆರಳು ಆ ಗುಳಿಯಲ್ಲಿಟ್ಟು ನೋಡಿದ. ಹಿಡಿಸಲಿಲ್ಲ, ಅವನವು ದಪ್ಪ.

"ಒಂದು ಪೆನ್ನಿಗೆ ಎಷ್ಟೊತ್ತು ಬೇಕ್ರಿ?" ಎಂದರು ಗೋಪಿಕಾಬಾಯಿ, ಕಣ್ಣು ಒರೆಸಿಕೊಳ್ಳುತ್ತ. "ಅವರು ಮಧ್ಯಾಹ್ನತನಕ ಕೂಡತಿದ್ರು. ಎಷ್ಟು ಮಾತು, ಎಷ್ಟು ನಗು! ಅಷ್ಟು ಮಾತಿನವರನ್ನ ನಾ ನೋಡೇ ಇಲ್ಲ."

"ನಮ್ಮ ವೀರಿನ?" ಎಂದ ಕರಿಬಸಪ್ಪ.

ಅವರು ಯಾರೋ ಬೇರೆ ಹೆಂಗಸಿನ ವಿಷಯ ಹೇಳುತ್ತಿದ್ದಾರೆ ಎಂಬಂತೆ ನೋಡಿದ. ಆಮೇಲೆ ಹೆಗಲ ಟವೆಲ್ಲಿನ ಅಂಚು ಹರಿದು, ಗೋಪಿಕಾಬಾಯಿ ಕೊಟ್ಟ ನಾಲ್ಕು ಹನಿ ಎಣ್ಣೆಯಲ್ಲಿ ವಕೀಲರ ಪೆನ್ನು ಒರೆಸಿ ಕೊಟ್ಟ. ಹೊಳಪು ಬಂತು. ಡಬ್ಬಿಯನ್ನು ಕೇಳಿ ತೆಗೆದುಕೊಂಡ.

ಬಸ್ಸು ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದ.

"ಹೊಳಬಸಪ್ಪಾ, ಅಕಿ ನಿನ್ನ ಬಸ್ಸಿನ್ಯಾಗ ಬರತಿದ್ಲಲ್ಲ. ಮಾತಾಡತಿದ್ಲೇನು?"

"ಹೂಂ. ನನ್ನ ಸೀಟಿನ ಬಾಜೂಕ ಕುಂತು, ಸವಣೂರತನಕ ಮಾತಾಡತಿದ್ಲು."

"ಏನಂತಿದ್ಲು?"

ನೆನಪು ಮಾಡಿಕೊಳ್ಳಲು ನೋಡಿದೆ. ಅವಳ ಒಂದು ಮಾತೂ ನೆನಪಿಗೆ ಬರಲಿಲ್ಲ. ಸುಳ್ಳು ಹೇಳಬಹುದಿತ್ತು, ಹೇಳಿದ್ದರೆ ಪಾಪವೂ ಬರುತ್ತಿರಲಿಲ್ಲ.

"ನಾ ಟಿಕೀಟ ಕೊಡಾಕತ್ತಿರತಿದ್ದೆ, ಕರಿಬಸಪ್ಪಾ. ಸುಮ್ನ ಹೂಂ ಅಂತಿದ್ದೆ."

ಅವನು ತಲೆಯಾಡಿಸಿದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಅವನು ಕೊಡುವ ಪ್ರತಿ ಪೆನ್ನಿನ ಜೊತೆ ಒಂದು ಚೀಟಿ ಇರುತ್ತದೆ: "ಹೊಳಪು ಒಂದು ವರ್ಷ ಇರತೈತಿ. ಖಂಡೇನವಮಿ ಹಿಂದಿನ ದಿನ ತರ್ರಿ, ಒರಸಿ ಕೊಡ್ತೇನಿ." ಪರಮೇಶ ಓದಿ ನಕ್ಕರೂ ಪೆನ್ನು ಇಟ್ಟುಕೊಂಡ. ಈ ಸಲ ಆ ದಿನ ಕರಿಬಸಪ್ಪ ಬೆಳಿಗ್ಗೆಯೇ ಸವಣೂರಿಗೆ ಹೋಗಿ ಬಂದ. ಆಮೇಲೆ ಲೇತು ನಿಲ್ಲಿಸಿ, ಎಣ್ಣೆ, ಬಟ್ಟೆ ಇಟ್ಟುಕೊಂಡು ಬಾಗಿಲಲ್ಲಿ ಕೂತ. ಹೊತ್ತು ಇಳಿಯುವವರೆಗೂ ಯಾರೂ ಬರಲಿಲ್ಲ. ನಾನು ಅವನೇ ಮಾಡಿಕೊಟ್ಟಿದ್ದ ನನ್ನ ಪೆನ್ನು ತೆಗೆದುಕೊಂಡು ಹೋಗಿ ಅವನ ಮುಂದೆ ಕೂತೆ. ಅದರ ಹೊಳಪು ಹೋಗಿರಲಿಲ್ಲ. ಅವನಿಗೂ ಅದು ಕಂಡಿತು, ಆದರೂ ಒರೆಸತೊಡಗಿದ.

"ಏನರೆ ಹೇಳು, ಇವತ್ತ ಕೇಳತೇನಿ" ಎಂದೆ.

"ಏನು ಹೇಳಲಿ?" ಎಂದ. ಮತ್ತೆ ಬಹಳ ಹೊತ್ತು ಒರೆಸುತ್ತಲೇ ಇದ್ದ.