ಬಿಚ್ಚಲಾಗದ ಸ್ಟೆಪ್ನಿ

ನನ್ನ ಜೀಪಿಗೆ ಐದು ಚಕ್ರ. ನಾಲ್ಕು ಕೆಲಸ ಮಾಡುತ್ತವೆ, ಐದನೆಯದು ಬೆನ್ನ ಮೇಲೆ ಕೂತು ಊರು ನೋಡುತ್ತದೆ. ಅದನ್ನು ಅಲ್ಲಿ ಕೂರಿಸಿದವನು ನಾನೇ ಎಂದು ಒಪ್ಪಿಕೊಳ್ಳಲು ಸ್ವಲ್ಪ ಧೈರ್ಯ ಬೇಕು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವನು ನಾನು. ನಕಾಶೆಯ ಮೇಲೆ ಬೆತ್ತ ಇಟ್ಟು ಮರುಭೂಮಿಗಳನ್ನೆಲ್ಲ ದಾಟಿದ್ದೇನೆ, ನಿಜದಲ್ಲಿ ತಿರುಪತಿ ದಾಟಿಲ್ಲ. ನಿವೃತ್ತನಾದ ಮೇಲೆ ಬಂಗಾರಪೇಟೆಯಲ್ಲಿ ಒಂದು ಹಳೇ ಜೀಪು ಕೊಂಡೆ. ಆಮೇಲೆ ಫೋನಿನಲ್ಲಿ ವಿಡಿಯೋ ನೋಡುವ ಚಟ ಹತ್ತಿತು. ಮರಳುಗಾಡಿಗೆ ಹೊರಡುವ ಗಾಡಿಗಳೆಲ್ಲ ಹಿಂದುಗಡೆ ಸ್ಟೆಪ್ನಿ, ಅದರ ಪಕ್ಕದಲ್ಲಿ ಎರಡು ಡೀಸೆಲ್ ಕ್ಯಾನು ಹೊತ್ತು ಎಷ್ಟು ಗತ್ತಿನಿಂದ ನಿಂತಿರುತ್ತವೆ! ನನ್ನ ಸ್ಟೆಪ್ನಿ ಮಾತ್ರ ಒಳಗೆ ಸೀಟಿನ ಕೆಳಗೆ ಮಲಗಿತ್ತು.

"ಮರಳು ನೋಡ್ಬೇಕು ಅಂದ್ರೆ ನಮ್ಮೂರ ಚಿನ್ನದ ಗಣಿ, ಮೈಸೂರು ಮೈನ್ಸ್ ಹತ್ರ ಗಣಿಮಣ್ಣಿನ ದಿಬ್ಬ ಇಲ್ವೇನ್ರೀ? ನಡ್ಕೊಂಡೇ ಹೋಗಿ ಬನ್ನಿ" ಎಂದಳು ನನ್ನ ಹೆಂಡತಿ ಶಾರದೆ. ನಾನು ಕೇಳಿಸಿಕೊಳ್ಳಲಿಲ್ಲ.

ಆಂಡರ್ಸನ್‌ಪೇಟೆಯ ವೆಲ್ಡರ್ ಸೆಲ್ವರಾಜಣ್ಣ ಗಣಿ ಮುಚ್ಚುವವರೆಗೆ ಅಲ್ಲಿಯ ವರ್ಕ್‌ಶಾಪಿನಲ್ಲಿದ್ದವರು. ಗಣಿಯೊಳಗೆ ಮನುಷ್ಯರನ್ನು ಇಳಿಸುವ ತೊಟ್ಟಿಲಿಗೆ ಹಾಕುತ್ತಿದ್ದ ವೆಲ್ಡಿಂಗನ್ನೇ ಈಗ ಮನೆ ಗೇಟಿಗೂ ಹಾಕುತ್ತಾರೆ, ಹೂಕುಂಡದ ಸ್ಟ್ಯಾಂಡಿಗೂ ಹಾಕುತ್ತಾರೆ. ಸ್ಟೆಪ್ನಿಯನ್ನೂ ಎರಡು ಕ್ಯಾನುಗಳನ್ನೂ ಹಿಂದುಗಡೆ ಕೂರಿಸಿಕೊಡಿ ಎಂದು ಜೀಪನ್ನು ಅವರ ಹತ್ತಿರ ಬಿಟ್ಟೆ. ಎರಡು ದಿನ ಕಿಡಿ ಹಾರಿಸಿ, ಜೀಪನ್ನು ನನಗೆ ಒಪ್ಪಿಸಿ ಹೇಳಿದರು: "ನಮ್ಮೂರಲ್ಲಿ ಕಬ್ಬಿಣ ಹೊರಗೆ ಬಿಟ್ರೆ ಬೆಳಗ್ಗೆಗೆ ಇರುತ್ತಾ ಸಾರ್? ಈಗ ಯಾರೂ ಬಿಚ್ಚೋಕಾಗಲ್ಲ." ಆ ಯಾರೂ ಎಂಬುದರಲ್ಲಿ ನಾನೂ ಸೇರಿದ್ದೇನೆಂದು ನನಗೆ ಹೊಳೆಯಲಿಲ್ಲ. ನಾನು ಫೋಟೋ ತೆಗೆಯುವುದರಲ್ಲಿ ಮುಳುಗಿದ್ದೆ. ಮನೆಗೆ ಹೋಗುವಾಗಲೇ ಬಂಕಿನಲ್ಲಿ ಎರಡೂ ಕ್ಯಾನುಗಳಿಗೆ ಕುತ್ತಿಗೆಮಟ್ಟ ಡೀಸೆಲ್ ಹಾಕಿಸಿದೆ.

ಮೊದಲ ಪ್ರವಾಸ ಮರಳುಗಾಡಿಗಲ್ಲ, ಬೇತಮಂಗಲಕ್ಕೆ. ಅಲ್ಲಿ ಶಾರದೆಯ ಅಕ್ಕನ ಮನೆ. ಐದು ವರ್ಷದ ಹಿಂದೆ ಅಕ್ಕ ಮಗಳ ಲಗ್ನಪತ್ರಿಕೆಯನ್ನು ಮನೆಗೆ ಬಂದು ಕೊಡದೆ ಫೋನಿನಲ್ಲಿ ಕಳಿಸಿದ್ದರು. ಇವಳು ಮದುವೆಗೆ ಹೋಗಲಿಲ್ಲ, ಅವರು ಯಾಕೆಂದು ಕೇಳಲಿಲ್ಲ. ಅಲ್ಲಿಗೆ ಮಾತು ನಿಂತಿತು. ಹೋದ ವಾರ ಅಕ್ಕನೇ ಫೋನು ಮಾಡಿ, "ಭಾನುವಾರ ಊಟಕ್ಕೆ ಬಾ. ಅನ್ನೆರಡಕ್ಕೆ ಎಲೆ ಆಕ್ತೀನಿ" ಎಂದಿದ್ದರು. ಶಾರದೆ ಬೆಳಗ್ಗೆ ಐದಕ್ಕೇ ಎದ್ದು ಒಬ್ಬಟ್ಟು ಮಾಡಿದ್ದಳು. "ತಡವಾದ್ರೆ ಇನ್ನೂ ಜಂಬ ಇಳಿದಿಲ್ಲ ಅಂದ್ಕೋತಾಳೆ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಹನ್ನೊಂದೂವರೆಗೆ, ಅರ್ಧ ದಾರಿಯಲ್ಲಿ, ಟೈರು ಪಂಕ್ಚರ್ ಆಯಿತು. ನನಗೋ ಒಳಗೊಳಗೇ ಖುಷಿ! ಜಂಬದಿಂದ ಸ್ಪ್ಯಾನರ್ ಹಿಡಿದು ಹಿಂದೆ ಹೋದೆ. ಸ್ಪ್ಯಾನರ್ ಕೂರಿಸಲು ನಟ್ಟೇ ಕಾಣಲಿಲ್ಲ. ನಟ್ಟುಗಳ ಮೇಲೆಲ್ಲ ವೆಲ್ಡಿಂಗು ಗಂಟುಗಟ್ಟಿತ್ತು.

ಫೋನು ಮಾಡಿದೆ. "ಬಿಚ್ಬೇಕಾ? ಯಾಕೆ ಸಾರ್?" ಸೆಲ್ವರಾಜಣ್ಣನಿಗೆ ನಿಜವಾಗಿ ನೋವಾಗಿತ್ತು. "ಸರಿ, ಗ್ಯಾಸ್ ಕಟರ್ ತರ್ತೀನಿ."

"ಪಕ್ಕದಲ್ಲೇ ಡೀಸೆಲ್ ತುಂಬಿದೆಯಲ್ಲ!"

"ಅಯ್ಯೋ ಮುರುಗಾ! ಮೊದಲು ಕ್ಯಾನು ತೆಗೀರಿ ಸಾರ್."

"ಅದಕ್ಕೂ ನೀವೇ ವೆಲ್ಡಿಂಗ್ ಮಾಡಿದೀರಲ್ಲ."

ಆಮೇಲೆ ಮೆಲ್ಲಗೆ, "ಹೆಂಗಿದೆ ಸಾರ್ ನಮ್ ಕೆಲ್ಸ!" ಎಂದರು.

ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಇದು ಬೇಕಾದರೆ ಮೊದಲು ಅದಾಗಬೇಕು, ಅದಾಗಬೇಕಾದರೆ ಮೊದಲು ಇದು. ಪಂಡಿತರು ಶತಮಾನಗಳಿಂದ ಇದಕ್ಕೆ ಸರಿಯಾದ ಉದಾಹರಣೆ ಹುಡುಕುತ್ತಿದ್ದಿರಬೇಕು. ಅದು ಬೇತಮಂಗಲದ ರಸ್ತೆಯಲ್ಲಿ ನಿಂತಿತ್ತು. ಇದನ್ನು ಶಾರದೆಗೆ ವಿವರಿಸಲು ಹೋದೆ ನೋಡಿ, ಅದು ಆ ದಿನದ ಎರಡನೇ ತಪ್ಪು. ಅವಳ ಕಣ್ಣಲ್ಲಿ ನೀರಿತ್ತು. ಒಬ್ಬಟ್ಟಿನ ಡಬ್ಬಿ ಎತ್ತಿಕೊಂಡು, ಸುಮಾರು ಹೊತ್ತಿನ ಮೇಲೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು, ತಿರುಗಿಯೂ ನೋಡದೆ ಹತ್ತಿ ಹೋದಳು. ಐದು ವರ್ಷದ ಮೇಲೆ ತೆರೆದ ಬಾಗಿಲು, ನನ್ನ ಶೋಕಿಯಿಂದ ಮತ್ತೆ ಮುಚ್ಚಿತಲ್ಲ ಎಂದು ಬೇಯುತ್ತಾ ಹುಣಸೆಮರದ ಕೆಳಗೆ ಕೂತೆ.

ಎರಡು ಗಂಟೆಗೆ ಬೇತಮಂಗಲದ ಕಡೆಯಿಂದ ಒಂದು ಆಟೋ ಬಂದು ನಿಂತಿತು. ಅಕ್ಕ ಇಳಿದರು, ಹಿಂದೆ ಶಾರದೆ. ಆಮೇಲೆ ಅವಳೇ ಹೇಳಿದ್ದು: ಅಕ್ಕ ಬಾಗಿಲಲ್ಲೇ ಮುಖ ಗಂಟಿಕ್ಕಿ, "ಈಗ ತಿಳೀತಾ ದಾರಿ?" ಎಂದರಂತೆ. ಇವಳು ನಡೆದದ್ದನ್ನು ಹೇಳಿದಳಂತೆ. "ಸುಳ್ಳೇಳ್ಬ್ಯಾಡ ಬುಡು. ಸ್ಟೆಪ್ನಿಗೆ ಯಾರಾನಾ ವೆಲ್ಡಿಂಗ್ ಮಾಡುಸ್ತಾರಾ? ನಡಿ, ತೋರ್ಸು" ಎಂದು ಹೊರಟೇ ಬಿಟ್ಟರಂತೆ.

ಅಕ್ಕ ನನ್ನ ಕಡೆ ನೋಡಲೇ ಇಲ್ಲ. ನೇರ ಜೀಪಿನ ಹಿಂದೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಸ್ಟೆಪ್ನಿ ಹಿಡಿದು ಎಳೆದರು. ಇಡೀ ಜೀಪು ಅಲುಗಿತು, ಸ್ಟೆಪ್ನಿ ಅಲುಗಲಿಲ್ಲ. ಕ್ಯಾನನ್ನೂ ಎಳೆದು ನೋಡಿದರು. ಆಮೇಲೆ ತಂಗಿಯ ಮುಖ ನೋಡಿದರು.

"ನಿಜಾನೇ ಕಣಮ್ಮಿ!" ಎಂದವರೇ ನಗಲು ಶುರು ಮಾಡಿದರು. ಶಾರದೆಗೂ ತಡೆಯಲಾಗಲಿಲ್ಲ. ಒಬ್ಬರ ಹೆಗಲನ್ನು ಒಬ್ಬರು ಹಿಡಿದುಕೊಂಡು, ರಸ್ತೆಬದಿಯಲ್ಲಿ ಕುಸಿದು ಕೂತು, ನಕ್ಕು, ಅತ್ತು, ಮೂಗೊರೆಸಿಕೊಂಡು, ಮತ್ತೆ ನನ್ನನ್ನು ನೋಡಿ ನಕ್ಕರು. ಲಗ್ನಪತ್ರಿಕೆಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಪಾಪ, ಅಕ್ಕತಂಗಿಯರಿಗೆ ಮಾತು ಶುರು ಮಾಡಲು ಏನಾದರೊಂದು ಬೇಕಿತ್ತು ಅಷ್ಟೇ. ಸದ್ಯ, ನಾನಿದ್ದೆ.