ಸತ್ತವರ ಪಾಳಿ ಕಾಯುವ ಮೈಲಾರಲಿಂಗಪ್ಪ

ಸವಣೂರಿನ ಹೊರಗಿನ ಬಯಲಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಆಗಲೇ ಮೈಲಾರಲಿಂಗಪ್ಪ ಬೂದಿಯಲ್ಲಿ ಗೆರೆ ಎಳೆದು, ಧೋತರ ಎತ್ತಿ ಕಟ್ಟಿ, "ಸತ್ತಾವ್ರೆಲ್ಲಾ ಇತ್ಲಾಗ ಬರ್ರಿ!" ಎಂದು ಕೂಗುತ್ತಾನೆ. ದಾರಿಹೋಕರು ಬೆಚ್ಚಬೇಕು. ಸತ್ತವರೋ, ಮೈಯೆಲ್ಲ ಮಣ್ಣು ಮಾಡಿಕೊಂಡು ನಗುತ್ತ ಬಂದು ಗೆರೆಯಾಚೆ ಸಾಲಾಗಿ ಕೂರುತ್ತಾರೆ.

ಇದು ಹುತುತು, ಅಂದರೆ ಕಬಡ್ಡಿ. ಮುಟ್ಟಿಸಿಕೊಂಡವನು ಸತ್ತ, ಎದುರಿನವರಲ್ಲಿ ಒಬ್ಬ ಸತ್ತರೆ ನಮ್ಮಲ್ಲಿ ಒಬ್ಬನಿಗೆ ಜೀವ. ಯಾರಿಗೆ? ಮೊದಲು ಸತ್ತವನಿಗೆ. ಪಾಳಿ ತಪ್ಪಿ ಎದ್ದರೆ ಪಂಚರು ಅಂಕವನ್ನು ಎದುರಿನವರಿಗೆ ಕೊಡುತ್ತಾರೆ. ಬದಲಿಯವನನ್ನು ಇಳಿಸಿದರಂತೂ ಹೊರಬಂದವನು ಆ ಆಟದಲ್ಲಿ ಮತ್ತೆ ಕಾಲಿಡುವಂತಿಲ್ಲ. ಹಾನಗಲ್ಲಿನ ಪಂದ್ಯದ ನಿಯಮ ಇಷ್ಟೇ. ಕೇಳಲು ಸಲೀಸು, ಪಾಲಿಸಲು ಮಾತ್ರ ಕಬ್ಬಿಣದ ಕಡಲೆ.

"ಸಣ್ಣಾಂವ ಮೊದ್ಲ ಸತ್ತಿರ್ತಾನ್ರಿ. ಏಳೋ ಅಂದ್ರ, ಹಿರ್ಯಾರು ಕುಂತಾರ, ನಾ ಹೆಂಗ ಏಳ್ಲಿ ಅಂತಾನ," ಎಂದು ಮೈಲಾರಲಿಂಗಪ್ಪ ಹಣೆ ಚಚ್ಚಿಕೊಳ್ಳುತ್ತಾನೆ. "ಸಾಯಾಕ ಇಲ್ಲದ ಹಿರೇತನ ಏಳಾಕ ಎಲ್ಲಿಂದ ಬಂತ್ರಿ?"

ಹಗಲೆಲ್ಲ ಅವನಿಗೆ ಎಲೆಬಳ್ಳಿ ತೋಟದಲ್ಲಿ ಕೂಲಿ. ಏಣಿ ಹತ್ತಿ ದಿನಕ್ಕೆ ಎರಡು ಸಾವಿರ ಎಲೆ ಕೊಯ್ಯುತ್ತಾನೆ. ಮೊಣಕಾಲು ಮುರಿದು ಆಟ ಬಿಟ್ಟರೂ ಆಟ ಅವನನ್ನು ಬಿಡಲಿಲ್ಲ. ಆರು ವರ್ಷದಿಂದ ಈ ತಂಡಕ್ಕೆ ಅವನೇ ಮಾಸ್ತರ.

ಹೋದ ವರ್ಷ, ಅರವತ್ತೊಂದನೇ ಇಸವಿಯಲ್ಲಿ, ಹಾನಗಲ್ಲಿನಲ್ಲಿ ಗೆದ್ದವರ ಕಪ್ಪು ಕೈಗೆ ಬಂದಂತೆಯೇ ಇತ್ತು. ತಂಡದ ಅತಿ ಕಿರಿಯ ಬೀರಪ್ಪ ಮೊದಲು ಸತ್ತಿದ್ದ, ಹಿರಿಯ ಉಳಿವೆಪ್ಪ ಆಮೇಲೆ. ಜೀವ ಬಂತು. ಬೀರಪ್ಪ ಮರ್ಯಾದೆಯಿಂದ ಸರಿದು ಕೂತ, ಉಳಿವೆಪ್ಪ ಎದ್ದು ನಡೆದ. ಅಂಕ ಹೋಯಿತು, ಆಟವೂ ಹೋಯಿತು. ಮೈಲಾರಲಿಂಗಪ್ಪ ಕಣ್ಣಾರೆ ಕಂಡೂ ತಡೆಯಲಿಲ್ಲ. ಉಳಿವೆಪ್ಪ ಅವನ ಒಡಹುಟ್ಟಿದ ಅಣ್ಣ. ಅಪ್ಪ ತೀರಿದ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನು.

"ಬಾಯಿಗೆ ಮಾತ ಬರ್ಲಿಲ್ರಿ."

ಈ ಐತವಾರ ಮತ್ತೆ ಹಾನಗಲ್ಲು. ಅಣ್ಣನಿಗೆ ಹೇಳಲಾಗದಿದ್ದರೆ ಬೇರೆ ಮಾಸ್ತರನನ್ನು ನೋಡಿಕೊಳ್ಳುತ್ತೇವೆ ಎಂದು ಹುಡುಗರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಮನೆಯಲ್ಲಿ ತಾಯಿ ತಿಪ್ಪವ್ವನದು ಇನ್ನೊಂದು ರಾಗ: "ಹೆಗಲ ಮ್ಯಾಲ ಹೊತ್ತಾಂವಗ ನಾಕು ಮಂದಿ ಮುಂದ ಕುಂಡ್ರು ಅಂತೀಯೇನು?" ಅತ್ತ ದರಿ, ಇತ್ತ ಪುಲಿ.

ಇವತ್ತಿನ ತಾಲೀಮಿನಲ್ಲಿ ಅದೇ ಗಳಿಗೆ ಎದುರಾಗುತ್ತದೆ. ಮೊದಲು ಬೀರಪ್ಪ ಸಾಯುತ್ತಾನೆ, ಹಿಂದೆಯೇ ಉಳಿವೆಪ್ಪ. ಆಚೆಯವನೊಬ್ಬ ಸಿಕ್ಕಿಬಿದ್ದು ಈಚೆಗೆ ಜೀವ ಬರುತ್ತದೆ. ಬೀರಪ್ಪ ರೂಢಿಯಂತೆ ಸರಿಯುತ್ತಾನೆ, ಉಳಿವೆಪ್ಪ ಮಣ್ಣು ಕೊಡವಿ ಏಳುತ್ತಾನೆ. ಹುಡುಗರೆಲ್ಲ ಮಾಸ್ತರನ ಮುಖವನ್ನೇ ನೋಡುತ್ತಾರೆ.

"ಅಣ್ಣಾ, ಕುಂಡ್ರಿ," ಎನ್ನುತ್ತಾನೆ ಮೈಲಾರಲಿಂಗಪ್ಪ. "ಪಾಳಿ ಬೀರಪ್ಪಂದೈತಿ."

ಉಳಿವೆಪ್ಪ ತಮ್ಮನನ್ನು ದಿಟ್ಟಿಸುತ್ತಾನೆ. ಆಮೇಲೆ ನಿಧಾನವಾಗಿ ಕೂತು, ಧೋತರ ಸರಿಮಾಡಿಕೊಂಡು, "ಆತ್ರಿ ಮಾಸ್ತರ. ನನ್ನ ಪಾಳಿ ಬಂದಾಗ ಕರೀರಿ," ಎನ್ನುತ್ತಾನೆ.

ಇಷ್ಟು ವರ್ಷ "ಲೇ ತಮ್ಮಾ" ಎಂದ ಬಾಯಿ ಅದು. ಮೈಲಾರಲಿಂಗಪ್ಪ ಮುಖ ಆಚೆ ತಿರುಗಿಸಿ, ಅಳಿಸಿರದ ಗೆರೆಯನ್ನೇ ಮತ್ತೊಮ್ಮೆ ತಿದ್ದುತ್ತಾನೆ. ಕಣ್ಣು ತುಂಬಿದೆ, ಎದೆಯೂ.

"ಕಪ್ಪು ಬಂದ್ರ ಬರ್ಲಿ, ಬಿಟ್ರ ಬಿಡ್ಲಿ," ಎನ್ನುತ್ತಾನೆ. "ಐತವಾರ ಅಷ್ಟೂ ಮಂದಿ ಮುಂದ ನಮ್ಮಣ್ಣ ಹಿಂಗ ಕುಂತ್ರ, ನಾ ಗೆದ್ದಂಗ್ರಿ."